ನಾಲ್ಕೇ ಕಂಪ್ಯೂಟರ್ ಇರುವ ಪ್ರೌಢಶಾಲೆಯಲ್ಲಿ ಎಂಟನೇ ತರಗತಿಗೆ ಕೋಡಿಂಗ್ ಕಲಿಸುವುದು ಹೇಗೆ?

ಲ್ಯಾಬಿನಲ್ಲಿ ನಾಲ್ಕು ಕಂಪ್ಯೂಟರ್, ತರಗತಿಯಲ್ಲಿ ನಲವತ್ತು ಮಕ್ಕಳು, ಜೊತೆಗೆ ಹೇಳದೆ ಕೇಳದೆ ಹೋಗುವ ಕರೆಂಟು. ಹೀಗಿರುವಾಗ ಮಕ್ಕಳು ಖುಷಿಯಿಂದ ಕಲಿಯುವಂಥ ಚಟುವಟಿಕೆ ಯಾವುದಿದೆ ಎಂದು ಕೇಳಿದ್ದೀರಿ. ನಾನೂ ಗಣಿತದ ಜೊತೆಗೆ ಕಂಪ್ಯೂಟರ್ ಪಾಠ ಮಾಡುವವನು. ನನ್ನ ಸಲಹೆ ಇಷ್ಟು: ಮೊದಲ ಕೆಲವು ವಾರ ಲ್ಯಾಬಿನ ಬೀಗ ತೆಗೆಯಲೇ ಬೇಡಿ. ಮಕ್ಕಳೇ ಕಂಪ್ಯೂಟರ್ ಆಗಲಿ. ಪರದೆಯ ಮುಂದೆ ಕೂತವರು ತಪ್ಪಾದರೆ ಕಾರಣ ಹುಡುಕುವ ಗೋಜಿಗೆ ಹೋಗದೆ ಇನ್ನೊಂದು ಗುಂಡಿ ಒತ್ತುತ್ತಾರೆ. ಅಂಗಳದಲ್ಲಿ ತಾವೇ ಯಂತ್ರವಾಗಿ ನಡೆದವರಿಗೆ ಯಾವ ಹೆಜ್ಜೆಯಲ್ಲಿ ದಾರಿ ತಪ್ಪಿತೆಂಬುದು ಅಲ್ಲೇ ಕಾಣುತ್ತದೆ.

ಮೊದಲು ನಡಿಗೆಯ ಆಟ. ಒಬ್ಬರು ಸೀಮೆಸುಣ್ಣ ಹಿಡಿದು ಅಂಗಳದಲ್ಲಿ ನಿಲ್ಲಲಿ, ಉಳಿದವರು ಆಜ್ಞೆ ಕೊಡಲಿ. "ಮುಂದೆ ಐದು ಹೆಜ್ಜೆ", "ಬಲಕ್ಕೆ ಇಷ್ಟು ಡಿಗ್ರಿ ತಿರುಗು". ಈ ಎರಡು ಬಿಟ್ಟು ಬೇರೆ ಮಾತಿಲ್ಲ. ಚೌಕ ಸುಲಭವಾಗಿ ಬರುತ್ತದೆ, ಅದನ್ನು ಹೇಳುವಾಗ "ಇದನ್ನೇ ನಾಲ್ಕು ಸಲ ಮಾಡು" ಎಂದು ಯಾರಾದರೂ ಕೂಗುತ್ತಾರೆ. ಪುನರಾವರ್ತನೆ ಎಂಬ ಪಾಠ ಅಲ್ಲಿಗೆ ಮುಗಿಯಿತು. ಆಮೇಲೆ ಸಮಬಾಹು ತ್ರಿಭುಜ ಬಿಡಿಸಲು ಹೇಳಿ. ತ್ರಿಭುಜದ ಕೋನ 60 ಎಂದು ಪುಸ್ತಕದಲ್ಲಿ ಓದಿದವರು "60 ಡಿಗ್ರಿ ತಿರುಗು" ಎನ್ನುತ್ತಾರೆ. ನಡೆಯುವ ಹುಡುಗಿ ತ್ರಿಭುಜದ ಬದಲು ಷಟ್ಕೋನದ ದಾರಿ ಹಿಡಿಯುತ್ತಾಳೆ. ಆಗ ಏಳುವ ಗಲಾಟೆಯನ್ನು ದಯವಿಟ್ಟು ನಿಲ್ಲಿಸಬೇಡಿ, ಉತ್ತರವನ್ನೂ ಹೇಳಬೇಡಿ. ತಿರುಗಬೇಕಾದದ್ದು ಹೊರಕೋನ, ಅಂದರೆ 120, ಎಂದು ಅವರೇ ಕಂಡುಕೊಂಡರೆ ಗಣಿತದ ಮೇಷ್ಟ್ರ ಅರ್ಧ ಕೆಲಸವೂ ಆದಂತೆ. 1967ರಲ್ಲಿ ಸೇಮರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್ ಮತ್ತು ವಾಲಿ ಫರ್ಜೈಗ್ ಮಕ್ಕಳಿಗಾಗಿ ರೂಪಿಸಿದ ಲೋಗೊ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹೆಸರು ಕೇಳಿರಬಹುದು. ಅದರಲ್ಲಿ ಆಜ್ಞೆಯಂತೆ ಗೆರೆ ಎಳೆಯುತ್ತಾ ಸಾಗುವ ಆಮೆ ನಡೆಯುವುದೂ ಹೀಗೆಯೇ.

ಎರಡನೆಯದು ನನಗೆ ಎಲ್ಲಕ್ಕಿಂತ ಪ್ರಿಯವಾದ ಆಟ. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಸಂಗಡಿಗರು ಕಂಪ್ಯೂಟರ್ ಇಲ್ಲದೆಯೇ ಕಂಪ್ಯೂಟರ್ ವಿಜ್ಞಾನ ಕಲಿಸಲು 1990ರ ದಶಕದಿಂದ ಬೆಳೆಸಿದ 'ಸಿಎಸ್ ಅನ್‌ಪ್ಲಗ್ಡ್' ಚಟುವಟಿಕೆಗಳಲ್ಲಿ ಇದೂ ಒಂದು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ 36 ಕಾರ್ಡು ಮಾಡಿಕೊಳ್ಳಿ. ಒಂದು ಮುಖ ಬಣ್ಣದ್ದು, ಇನ್ನೊಂದು ಬಿಳಿ. ಒಬ್ಬ ವಿದ್ಯಾರ್ಥಿ 25 ಕಾರ್ಡುಗಳನ್ನು ಐದು ಸಾಲು, ಐದು ಕಂಬಸಾಲುಗಳಲ್ಲಿ ತನಗೆ ತೋಚಿದಂತೆ ಜೋಡಿಸಲಿ. "ಇದು ತೀರಾ ಸುಲಭ, ಸ್ವಲ್ಪ ಕಷ್ಟ ಮಾಡೋಣ" ಎಂದು ನೀವು ಆರನೆಯ ಸಾಲು, ಆರನೆಯ ಕಂಬಸಾಲು ಸೇರಿಸಿ. ಗುಟ್ಟು ಇರುವುದೇ ಇಲ್ಲಿ: ಪ್ರತಿ ಸಾಲಿನಲ್ಲೂ ಕಂಬಸಾಲಿನಲ್ಲೂ ಬಣ್ಣದ ಕಾರ್ಡುಗಳ ಸಂಖ್ಯೆ ಸಮ ಆಗುವಂತೆ ಸೇರಿಸಬೇಕು. ನೀವು ಬೆನ್ನು ತಿರುಗಿಸಿ ನಿಂತಾಗ ಯಾರಾದರೂ ಒಂದೇ ಒಂದು ಕಾರ್ಡನ್ನು ಮಗುಚಲಿ. ತಿರುಗಿ ನೋಡಿ, ಬೆಸ ಸಂಖ್ಯೆ ಇರುವ ಸಾಲೊಂದು, ಕಂಬಸಾಲೊಂದು ಸಿಗುತ್ತವೆ. ಅವು ಕೂಡುವ ಜಾಗದ ಕಾರ್ಡನ್ನು ಎತ್ತಿ ತೋರಿಸಿ.

ಮಕ್ಕಳು ಮೊದಲು ನಿಮಗೆ ಯಾರೋ ಸನ್ನೆ ಮಾಡಿದರೆಂದು ಅನುಮಾನಿಸುತ್ತಾರೆ. ಇನ್ನೊಮ್ಮೆ, ಮತ್ತೊಮ್ಮೆ ಮಾಡಿ ತೋರಿಸಿ. ಹಿಂದಿನ ಬೆಂಚಿನವರು ಮುಂದೆ ಬಂದು ಕೂರುವ ಪಾಠ ಇದು. ಗುಟ್ಟು ಬಯಲಾದ ಮೇಲೆ, ಮಾಹಿತಿಯಲ್ಲಿ ತಪ್ಪು ನುಸುಳಿದೆಯೇ ಎಂದು ಕಂಪ್ಯೂಟರ್ ನೋಡುವುದೂ ಹೀಗೆಯೇ ಎಂದು ಹೇಳಿ, ಕೇಳಿ: ಎರಡು ಕಾರ್ಡು ಮಗುಚಿದರೆ? ಎರಡೂ ಒಂದೇ ಸಾಲಿನಲ್ಲಿದ್ದರೆ ಆ ಸಾಲು ಸಮವಾಗಿಯೇ ಉಳಿಯುತ್ತದೆ, ಎರಡು ಕಂಬಸಾಲು ಮಾತ್ರ ಬೆಸವಾಗುತ್ತವೆ. ತಪ್ಪಾಗಿದೆ ಎಂಬುದು ಗೊತ್ತಾಯಿತು, ಎಲ್ಲಿ ಎಂಬುದು ಗೊತ್ತಾಗಲಿಲ್ಲ. ತಪ್ಪನ್ನು ಪತ್ತೆ ಮಾಡುವುದು ಬೇರೆ, ತಿದ್ದುವುದು ಬೇರೆ ಎಂಬ ಈ ತಿಳಿವಳಿಕೆ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಅಗತ್ಯವಾದದ್ದು.

ಅದೇ ವಾರ ಗ್ರಂಥಾಲಯದ ಪುಸ್ತಕಗಳನ್ನು ತರಿಸಿ, ಹಿಂಬದಿಯಲ್ಲಿ ಪುಸ್ತಕದ ಗುರುತಿಗೆಂದು ಅಚ್ಚಾದ 13 ಅಂಕಿಗಳ ಐಎಸ್‌ಬಿಎನ್ ಪರೀಕ್ಷಿಸಲು ಹೇಳಿ. ಅಂಕಿಗಳನ್ನು ಕ್ರಮವಾಗಿ 1, 3, 1, 3 ಎಂದು ಗುಣಿಸಿ ಕೂಡಿದರೆ ಮೊತ್ತ 10ರಿಂದ ಭಾಗವಾಗಬೇಕು. ಒಂದು ಅಂಕಿ ತಪ್ಪಿದರೂ ಸಿಕ್ಕಿಬೀಳುತ್ತದೆ. ಆದರೆ ಅಕ್ಕಪಕ್ಕದ 1 ಮತ್ತು 6 ಅದಲುಬದಲಾದರೆ ಸಿಕ್ಕಿಬೀಳುವುದಿಲ್ಲ. ಏಕೆಂದು ಚುರುಕಾದವರಿಗೆ ಬಿಡಿ. ಆಧಾರ್ ಸಂಖ್ಯೆಯ ಕೊನೆಯ ಅಂಕಿಯೂ ಇಂಥದೇ ಕಾವಲಿನ ಅಂಕಿ. ಹಾಗೆಂದು ಆಧಾರ್ ಕಾರ್ಡು ಮಾತ್ರ ತರಗತಿಗೆ ತರಿಸಬೇಡಿ.

ಕನ್ನಡ ಮೇಷ್ಟ್ರನ್ನೂ ಜೊತೆಗೆ ಸೇರಿಸಿಕೊಳ್ಳಿ. ಅಕ್ಷರಗಣಗಳನ್ನು ಪ್ರೌಢಶಾಲೆಯಲ್ಲಿ ಹೇಗಿದ್ದರೂ ಕಲಿಸುತ್ತೇವೆ. ಲಘುವಿಗೆ 0, ಗುರುವಿಗೆ 1 ಎಂದಿಟ್ಟುಕೊಂಡರೆ ನಗಣ 000, ಮಗಣ 111. ಮೂರು ಜಾಗ, ಪ್ರತಿ ಜಾಗಕ್ಕೆ ಎರಡು ಆಯ್ಕೆ, ಆದ್ದರಿಂದ ಗಣಗಳು ಎಂಟೇ. ಒಂಬತ್ತನೆಯದು ಇರಲು ಸಾಧ್ಯವಿಲ್ಲ. ಮೂವರನ್ನು ಸಾಲಾಗಿ ನಿಲ್ಲಿಸಿ, ಕಂಪ್ಯೂಟರಿನ ದ್ವಿಮಾನ ಎಣಿಕೆಯಂತೆ ಎಡದಿಂದ 4, 2, 1 ಎಂದು ಬೆಲೆ ಕೊಡಿ. ನಿಂತವರು ಗುರು, ಕೂತವರು ಲಘು. "ರಗಣ!" ಎಂದು ನೀವು ಕೂಗಿದೊಡನೆ ನಡುವಿನವನು ಕೂರಬೇಕು, ತರಗತಿ ನಿಂತವರ ಬೆಲೆ ಕೂಡಿ "ಐದು!" ಎನ್ನಬೇಕು. ಕೊನೆಗೆ 'ಯಮಾತಾರಾಜಭಾನಸಲಗಂ' ಸೂತ್ರವನ್ನು ಬೋರ್ಡಿನ ಮೇಲೆ 0111010001 ಎಂದು ಬರೆದು, ಮೂರು ಮೂರು ಅಂಕಿಗಳ ಕಿಟಕಿಯನ್ನು ಒಂದೊಂದೇ ಸ್ಥಾನ ಸರಿಸಿ. ಎಂಟು ಗಣಗಳೂ ಒಂದೊಂದು ಸಲ ಬಂದುಹೋಗುತ್ತವೆ. ಹತ್ತೇ ಅಕ್ಷರದಲ್ಲಿ ಎಂಟನ್ನೂ ಹಿಡಿದಿಟ್ಟ ಜಾಣ್ಮೆ ನೋಡಿ, ನನಗಂತೂ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಇಂಥ ಸರಣಿಗಳನ್ನು ಇಂದಿನ ಗಣಿತದಲ್ಲಿ ಡಿ ಬ್ರೂಯಿನ್ ಸರಣಿ ಎನ್ನುತ್ತಾರೆ.

ಇಷ್ಟಾದ ಮೇಲೆ ಲ್ಯಾಬು. ಆಜ್ಞೆಗಳ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮಕ್ಕಳಿಗಾಗಿ ರೂಪಿಸಿದ ಸ್ಕ್ರ್ಯಾಚ್ ಸಾಕು. ಒಮ್ಮೆ ಇನ್‌ಸ್ಟಾಲ್ ಮಾಡಿದರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಒಂದು ಕಂಪ್ಯೂಟರಿಗೆ ಮೂವರಂತೆ ಹನ್ನೆರಡು ಮಂದಿ ಒಳಗೆ, ಉಳಿದವರು ಹೊರಗೆ ಕಾಗದದ ಮೇಲೆ ಮುಂದಿನ ಆಟದ ಹೆಜ್ಜೆಗಳನ್ನು ಬರೆಯಲಿ. ಅವಧಿಯ ನಡುವೆ ಗುಂಪು ಬದಲಿಸಿ. ಮೌಸ್ ಹಿಡಿದವರು ಸುಮ್ಮನಿದ್ದು ಪಕ್ಕದವರು ಹೇಳಿದ್ದನ್ನಷ್ಟೇ ಮಾಡಬೇಕು, ಮೂರನೆಯವರು ಪ್ರೋಗ್ರಾಂ ಶುರು ಮಾಡುವ ಹಸಿರು ಬಾವುಟ ಒತ್ತುವ ಮೊದಲೇ ಏನಾಗುತ್ತದೆಂದು ಬರೆದಿಡಬೇಕು. ಈ ನಿಯಮ ಇಲ್ಲದಿದ್ದರೆ ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಹುಡುಗನೇ ವರ್ಷವಿಡೀ ಮೌಸ್ ಹಿಡಿದಿರುತ್ತಾನೆ, ಹುಡುಗಿಯರು ಹಿಂದೆ ನಿಂತು ನೋಡುತ್ತಿರುತ್ತಾರೆ. ಯಾರು ಬೇಗ ಮುಗಿಸುತ್ತಾರೆ ಎಂಬ ಸ್ಪರ್ಧೆ ಖಂಡಿತ ಬೇಡ. ಬೋರ್ಡಿನಿಂದ ಪ್ರೋಗ್ರಾಂ ನಕಲು ಮಾಡಿಸುವುದೂ ಬೇಡ. ಅದರ ಬದಲು ಬೇಕೆಂದೇ ಒಂದು ತಪ್ಪಿರುವ ಪ್ರೋಗ್ರಾಂ ಕೊಟ್ಟು ಹುಡುಕಲು ಹೇಳಿ. ತ್ರಿಭುಜಕ್ಕೆ 60 ಡಿಗ್ರಿ ತಿರುಗುವ ಪ್ರೋಗ್ರಾಮಿನಿಂದಲೇ ಶುರು ಮಾಡಬಹುದು.