ಎಂಎಫ್‌ಟಿ ಪರೀಕ್ಷೆಗೆ ಮೂರೇ ತಿಂಗಳಿದೆ, ಥಿಯರಿಗಳೆಲ್ಲ ಕಲಸುಮೇಲೋಗರ ಆಗಿವೆ. ಹೇಗೆ ಓದಲಿ?

ಡಲ್ಲಾಸ್‌ನಲ್ಲಿ ಮ್ಯಾರೇಜ್ ಅಂಡ್ ಫ್ಯಾಮಿಲಿ ಥೆರಪಿ ಮಾಸ್ಟರ್ಸ್ ಮುಗಿಯುತ್ತಾ ಬಂದಿದೆ, ಮನೆಯಲ್ಲಿ ಚಿಕ್ಕ ಮಗು, ಫ್ಲ್ಯಾಶ್ ಕಾರ್ಡ್ ಎಷ್ಟು ಓದಿದರೂ ಪ್ರಾಕ್ಟೀಸ್ ಪ್ರಶ್ನೆಗಳಲ್ಲಿ ತಪ್ಪಾಗುತ್ತಿದೆ ಅಂತ ಬರೆದಿದ್ದೀರಿ. ನಾನೂ ಟೆಕ್ಸಸ್‌ನಲ್ಲೇ ಇದೇ ಪರೀಕ್ಷೆ ಬರೆದು ಈಗ ಎಲ್ಎಂಎಫ್‌ಟಿ, ಅಂದರೆ ಲೈಸೆನ್ಸ್ ಇರುವ ಫ್ಯಾಮಿಲಿ ಥೆರಪಿಸ್ಟ್, ಆಗಿ ಕೆಲಸ ಮಾಡುತ್ತಿದ್ದೇನೆ. ನಿಮಗೆ ಓದು ಸಾಲದೆ ಹೀಗಾಗುತ್ತಿದೆ ಅಂತ ನನಗೆ ಅನಿಸುವುದಿಲ್ಲ. ಓದುವ ರೀತಿ ಬದಲಾಗಬೇಕು, ಅಷ್ಟೇ.

ಈ ಪರೀಕ್ಷೆಯಲ್ಲಿ 180 ಪ್ರಶ್ನೆ, ನಾಲ್ಕು ಗಂಟೆ. ಒಂದು ಪ್ರಶ್ನೆಗೆ ಸಿಗುವುದು 80 ಸೆಕೆಂಡು. ಯಾರು ಯಾವ ಪದ ಹುಟ್ಟುಹಾಕಿದರು ಅಂತ ಕೇಳುವುದು ಕಡಿಮೆ. ಒಂದು ಕುಟುಂಬದ ಕಥೆ ಕೊಟ್ಟು, ಈ ಥೆರಪಿಸ್ಟ್ ಈಗ ಏನು ಮಾಡಬೇಕು ಅಂತ ಕೇಳುವುದೇ ಜಾಸ್ತಿ. ಹಾಗಾಗಿ ಕಾರ್ಡುಗಳನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಒಂದೇ ಒಂದು ಕುಟುಂಬವನ್ನು ತಗೊಂಡು, ಎಲ್ಲ ಥಿಯರಿಗಳವರನ್ನೂ ಅದೇ ಕುಟುಂಬದ ಎದುರು ಕೂರಿಸಿ ನೋಡಿ.

ಹೀಗೊಂದು ಕುಟುಂಬ ಇದೆ ಅಂದುಕೊಳ್ಳಿ. ಹದಿನಾಲ್ಕು ವರ್ಷದ ಹುಡುಗ ಸ್ಕೂಲಿಗೆ ಹೋಗಲ್ಲ ಅಂತ ಹಟ ಹಿಡಿದಿದ್ದಾನೆ. ಅವನನ್ನು ಏನೇ ಕೇಳಿದರೂ ಉತ್ತರ ಅಮ್ಮನಿಂದ ಬರುತ್ತದೆ. ಅಪ್ಪ ಕುರ್ಚಿ ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ಸುಮ್ಮನೆ ಕೂತಿದ್ದಾರೆ. ಚಿಕ್ಕ ತಂಗಿ ಎಲ್ಲರ ಮುಖ ನೋಡುತ್ತಿದ್ದಾಳೆ.

ಇನ್ನು ಮುಂದೆ ಬರುವ ಹೆಸರುಗಳೆಲ್ಲ ಫ್ಯಾಮಿಲಿ ಥೆರಪಿಯ ಬೇರೆ ಬೇರೆ ಥಿಯರಿಗಳು, ಇಲ್ಲಾ ಅವನ್ನು ಕಟ್ಟಿದವರದು. ಬೋವೆನ್ ದಾರಿಯವರು ಇಲ್ಲಿ ಮೂರು ತಲೆಮಾರಿನ ಆತಂಕ ಹುಡುಕುತ್ತಾರೆ. ಜೀನೋಗ್ರಾಮ್, ಅಂದರೆ ತಲೆಮಾರುಗಳ ಸಂಬಂಧದ ನಕ್ಷೆ, ಬರೆಯುತ್ತಾರೆ, ಅಪ್ಪ-ಅಮ್ಮ-ಮಗನ ತ್ರಿಕೋನ ಗುರುತಿಸುತ್ತಾರೆ, ತಾವು ಮಾತ್ರ ತಣ್ಣಗೆ ಇರುತ್ತಾರೆ. ಗಂಡ ಹೆಂಡತಿ ಒಬ್ಬರಿಗೊಬ್ಬರು ಮಾತಾಡುವ ಬದಲು ಥೆರಪಿಸ್ಟ್ ಜೊತೆ ಮಾತಾಡಲಿ ಅನ್ನುತ್ತಾರೆ. ಮಿನೂಚಿನ್ ಅವರ ಸ್ಟ್ರಕ್ಚರಲ್ ದಾರಿ ಇದಕ್ಕೆ ಪೂರಾ ಉಲ್ಟಾ. ಅಮ್ಮ-ಮಗನ ನಡುವೆ ಗೆರೆಯೇ ಇಲ್ಲ, ಅಪ್ಪ ಹೊರಗೆ ಉಳಿದಿದ್ದಾರೆ ಅಂತ ಅವರು ನೋಡುತ್ತಾರೆ. 'ನಾಳೆ ಬೆಳಿಗ್ಗೆ ಏನು ಮಾಡುತ್ತೀರಿ, ಇಬ್ಬರೂ ಈಗ ಇಲ್ಲೇ ಮಾತಾಡಿ ತೀರ್ಮಾನ ಮಾಡಿ' ಅನ್ನುತ್ತಾರೆ. ಹೇಲಿ ದಾರಿಯವರು ಮನೆಯಲ್ಲಿ ಮಾಡಲು ಒಂದು ಕೆಲಸ ಕೊಟ್ಟು ಕಳಿಸುತ್ತಾರೆ. ಮಿಲಾನ್ ತಂಡದವರು ತಂಗಿಯನ್ನು ಕೇಳುತ್ತಾರೆ: 'ಅಣ್ಣ ಸ್ಕೂಲಿಗೆ ಹೋಗದ ದಿನ ಅಪ್ಪ ಅಮ್ಮ ಮಾತಾಡೋದು ಜಾಸ್ತಿನಾ, ಕಮ್ಮಿನಾ?' ಸೊಲ್ಯೂಷನ್ ಫೋಕಸ್ಡ್‌ನವರು ಹೋದ ವಾರ ಅವನು ಸ್ಕೂಲಿಗೆ ಹೋದ ಒಂದು ದಿನ ಹುಡುಕಿ, ಅವತ್ತು ಏನು ಬೇರೆ ಇತ್ತು ಅಂತ ಕೇಳುತ್ತಾರೆ. ನ್ಯಾರೇಟಿವ್‌ನವರು ಭಯವನ್ನು ಹುಡುಗನಿಂದ ಬೇರೆ ಮಾಡಿ, 'ಈ ಭಯ ನಿನ್ನಿಂದ ಏನೇನು ಕಿತ್ತುಕೊಂಡಿದೆ?' ಅನ್ನುತ್ತಾರೆ.

ಇದನ್ನು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ. ಮಗುವಿಗೆ ಊಟ ಮಾಡಿಸುವಾಗ ಹೇಳಿಕೊಂಡರೂ ಆಯಿತು. ನಾನು ಕನ್ನಡದಲ್ಲೇ ಹೇಳಿಕೊಳ್ಳುತ್ತಿದ್ದೆ. ಕನ್ನಡದಲ್ಲಿ ವಿವರಿಸಲು ಬಂತು ಅಂದರೆ ನಿಜವಾಗಿ ಅರ್ಥ ಆಗಿದೆ ಅಂತ ನನಗೆ ಗೊತ್ತಾಗುತ್ತಿತ್ತು.

ಈಗ ಪ್ರಶ್ನೆಗೆ ಬರೋಣ. ಇದೇ ಕುಟುಂಬ ಮೊದಲ ಭೇಟಿಗೆ ಬಂದಿದೆ, ಥೆರಪಿಸ್ಟ್ ಸ್ಟ್ರಕ್ಚರಲ್‌ನವರು, ಮೊದಲು ಏನು ಮಾಡಬೇಕು? ನಾಲ್ಕು ಆಯ್ಕೆ: ಜೀನೋಗ್ರಾಮ್ ಬರೆಯುವುದು, ಅಪ್ಪ-ಅಮ್ಮನಿಗೆ ಅಲ್ಲೇ ಮಾತಾಡಲು ಹೇಳುವುದು, ಒಬ್ಬೊಬ್ಬರ ಜೊತೆಗೂ ಬೆರೆತು ಕುಟುಂಬದೊಳಗೆ ಜಾಗ ಮಾಡಿಕೊಳ್ಳುವುದು, ಸೊಲ್ಯೂಷನ್ ಫೋಕಸ್ಡ್‌ನವರ ಪವಾಡದ ಪ್ರಶ್ನೆ ('ರಾತ್ರಿ ಬೆಳಗಾಗುವುದರೊಳಗೆ ಸಮಸ್ಯೆ ಮಾಯವಾದರೆ ಏನು ಬದಲಾಗಿರುತ್ತದೆ?') ಕೇಳುವುದು. ಒಂದು ಮತ್ತು ನಾಲ್ಕು ಬೇರೆ ಥಿಯರಿಯವು, ಅವು ತಕ್ಷಣ ಹೋದವು. ಎರಡು ಮತ್ತು ಮೂರು ಎರಡೂ ಸ್ಟ್ರಕ್ಚರಲ್ಲೇ. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ಮೊದಲ ಭೇಟಿ ಅಂದಿದ್ದಾರೆ, ಹಾಗಾಗಿ ಮೂರನೆಯದು ಸರಿ. ಅದೇ ಪ್ರಶ್ನೆಯಲ್ಲಿ 'ನಾಲ್ಕನೇ ಭೇಟಿ, ಕುಟುಂಬಕ್ಕೆ ಥೆರಪಿಸ್ಟ್ ಮೇಲೆ ನಂಬಿಕೆ ಬಂದಿದೆ' ಅಂತ ಇದ್ದರೆ ಎರಡನೆಯದಕ್ಕೆ ಹೋಗಬೇಕು. ಯಾವ ಥಿಯರಿ, ಯಾವ ಹಂತ, ಈ ಎರಡನ್ನು ಹಿಡಿದುಕೊಂಡೇ ಆಯ್ಕೆಗಳನ್ನು ಓದಿ.

ಒಂದಕ್ಕೆ ಮಾತ್ರ ಥಿಯರಿ ಪಕ್ಕಕ್ಕೆ ಸರಿಯುತ್ತದೆ: ಅಪಾಯ. ಕಥೆಯಲ್ಲಿ ಆತ್ಮಹತ್ಯೆಯ ಮಾತು, ಮಗುವಿನ ಮೇಲೆ ಹಿಂಸೆ, ಗಂಡನಿಗೆ ಹೆದರಿ ಮಾತು ನಿಲ್ಲಿಸುವ ಹೆಂಡತಿ ಕಂಡರೆ ಮೊದಲು ಸುರಕ್ಷತೆ. ಹೊಡೆತದ ಅನುಮಾನ ಇದ್ದಾಗ ಇಬ್ಬರನ್ನೂ ಒಟ್ಟಿಗೆ ಕೂರಿಸಿ ವಿಚಾರಿಸುವ ಆಯ್ಕೆ ತಪ್ಪು. ಬೇರೆ ಬೇರೆ ಮಾತಾಡಿಸಬೇಕು.

ನಮ್ಮ ಕಡೆಯಿಂದ ಬಂದವರಿಗೆ ಇನ್ನೊಂದು ತೊಡಕಿದೆ, ಇದನ್ನು ಯಾವ ಗೈಡೂ ಹೇಳುವುದಿಲ್ಲ. ನಾವು ಬೆಳೆದಿದ್ದು ಹಿರಿಯರು ಕೂತು ಬುದ್ಧಿ ಹೇಳಿ ಜಗಳ ಬಿಡಿಸುವ ಮನೆಗಳಲ್ಲಿ. ಹಾಗಾಗಿ 'ದಂಪತಿಗೆ ಹೀಗೆ ಮಾಡಿ ಅಂತ ತಿಳಿಹೇಳುವುದು' ಅನ್ನುವ ಆಯ್ಕೆ ಕಣ್ಣಿಗೆ ಹಿತವಾಗಿ ಕಾಣುತ್ತದೆ. ಅದನ್ನು ಆರಿಸುವ ಮುಂಚೆ ಒಂದು ಸಲ ನಿಲ್ಲಿ. ಇನ್ನೊಂದು ಕಡೆ, ಅತ್ತೆ-ಮಾವ ಜೊತೆಗಿರುವ ಮನೆಯ ಕಥೆ ಬಂದರೆ, ಅದನ್ನೇ ರೋಗ ಅಂತ ನೋಡುವ ಆಯ್ಕೆಯೂ ಬೇಡ. ಆ ಕುಟುಂಬಕ್ಕೆ ಅದು ಏನು ಅಂತ ಕೇಳಿ ತಿಳಿದುಕೊಳ್ಳುವ ಆಯ್ಕೆ ಸಾಮಾನ್ಯವಾಗಿ ಸರಿ ಇರುತ್ತದೆ. ಅಲ್ಲಿ ನಮಗೇ ಅನುಕೂಲ ಅಲ್ವಾ? ಒಟ್ಟು ಕುಟುಂಬ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ರೋಗನಿರ್ಣಯದ ಭಾಗಕ್ಕೆ ಅವಧಿಗಳು ಬಾಯಿಪಾಠ ಆಗಲೇಬೇಕು. ಆಘಾತದ ಲಕ್ಷಣಗಳು ಮೂರು ದಿನದಿಂದ ಒಂದು ತಿಂಗಳವರೆಗೆ ಇದ್ದರೆ ಅಕ್ಯೂಟ್ ಸ್ಟ್ರೆಸ್, ತಿಂಗಳು ದಾಟಿದರೆ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ). ಮೇನಿಯಾಗೆ (ಮಿತಿಮೀರಿದ ಉತ್ಸಾಹ-ಉದ್ರೇಕದ ಸ್ಥಿತಿ) ಒಂದು ವಾರ, ಅದರ ಸೌಮ್ಯ ರೂಪವಾದ ಹೈಪೋಮೇನಿಯಾಗೆ ನಾಲ್ಕು ದಿನ. ಖಿನ್ನತೆಗೆ ಎರಡು ವಾರ. ಮಾನಸಿಕ ರೋಗನಿರ್ಣಯದ ಕೈಪಿಡಿಯಾದ ಡಿಎಸ್‌ಎಂ-5-ಟಿಆರ್‌ನಲ್ಲಿ (2022) ಹೊಸದಾಗಿ ಸೇರಿದ ಪ್ರೊಲಾಂಗ್ಡ್ ಗ್ರೀಫ್‌ಗೆ (ಬಹುಕಾಲ ಇಳಿಯದ ಸಾವಿನ ದುಃಖ) ದೊಡ್ಡವರಲ್ಲಿ 12 ತಿಂಗಳು, ಮಕ್ಕಳಲ್ಲಿ ಆರು. ಇದಕ್ಕೆ ನಿಮ್ಮ ಕಾರ್ಡುಗಳು ಸರಿಯಾದ ಸಾಧನ.

ನೀತಿ-ನಿಯಮಕ್ಕೆ ಅಮೆರಿಕದ ಫ್ಯಾಮಿಲಿ ಥೆರಪಿಸ್ಟ್‌ಗಳ ಸಂಘವಾದ ಎಎಎಂಎಫ್‌ಟಿಯ ಸಂಹಿತೆಯನ್ನು ಪೂರ್ತಿ ಓದಿ, ದೊಡ್ಡದೇನಲ್ಲ. ಈ ರಾಷ್ಟ್ರೀಯ ಪರೀಕ್ಷೆಗೆ ಓದುವಾಗ ಟೆಕ್ಸಸ್ ಕಾನೂನನ್ನು ಅದರ ಜೊತೆ ಬೆರೆಸಬೇಡಿ. ಉದಾಹರಣೆಗೆ, ಕ್ಲೈಂಟ್ ಯಾರಿಗಾದರೂ ಜೀವ ಬೆದರಿಕೆ ಹಾಕಿದಾಗ ಆ ವ್ಯಕ್ತಿಯನ್ನು ರಕ್ಷಿಸುವ ಹೊಣೆ ಥೆರಪಿಸ್ಟ್‌ಗಿದೆ ಅಂತ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 1976ರ ಟರಸಾಫ್ ತೀರ್ಪಿನಲ್ಲಿ ಹೇಳಿತು. ಆ ವ್ಯಕ್ತಿಗೆ ಎಚ್ಚರಿಕೆ ಕೊಡುವ ಹೊಣೆಯನ್ನು ಟೆಕ್ಸಸ್ ಸುಪ್ರೀಂ ಕೋರ್ಟ್ 1999ರಲ್ಲಿ ಒಪ್ಪಲಿಲ್ಲ. ಇಂಥ ರಾಜ್ಯದ ವಿಷಯಗಳಿಗೆ ಜೂರಿಸ್ಪ್ರುಡೆನ್ಸ್ (ರಾಜ್ಯದ ಕಾನೂನಿನ) ಪರೀಕ್ಷೆ ಬೇರೆಯೇ ಇದೆ, ಅದನ್ನು ಆಮೇಲೆ ನೋಡಿಕೊಳ್ಳಿ.

ಈ ಪರೀಕ್ಷೆ ನಡೆಸುವ ಎಎಂಎಫ್‌ಟಿಆರ್‌ಬಿ ತಾನೇ ಮಾರುವ ಅಧಿಕೃತ ಪ್ರಾಕ್ಟೀಸ್ ಪರೀಕ್ಷೆಯನ್ನು ಕೊನೆಯ ತಿಂಗಳಿಗೆ ಉಳಿಸಿಕೊಳ್ಳಿ. ಮಗುವನ್ನು ಯಾರ ಹತ್ತಿರವಾದರೂ ಬಿಟ್ಟು, ಒಂದೇ ಪಟ್ಟಿಗೆ ಕೂತು ಬರೆಯಿರಿ. ತಪ್ಪಾದ ಪ್ರತಿಯೊಂದರ ಪಕ್ಕ, ಥಿಯರಿ ತಪ್ಪಿತೋ ಹಂತ ತಪ್ಪಿತೋ ಅಂತ ಗುರುತು ಹಾಕಿ. ಯಾವುದು ಜಾಸ್ತಿ ಇದೆಯೋ ಅದನ್ನೇ ಉಳಿದ ದಿನಗಳಲ್ಲಿ ಓದಿ.

ಇನ್ನೊಂದು ವಿಷಯ, ಇದನ್ನು ಈ ವಾರವೇ ಮಾಡಿ. ಅರ್ಜಿಯಲ್ಲಿರುವ ಹೆಸರು ನಿಮ್ಮ ಗುರುತಿನ ಚೀಟಿಯಲ್ಲಿರುವಂತೆಯೇ ಇದೆಯಾ ನೋಡಿ. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಇಲ್ಲಾ ಇನಿಶಿಯಲ್ ಬಿಡಿಸಿ ಅಪ್ಪನ ಹೆಸರು ಹಾಕಿರುತ್ತಾರೆ. ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು ರೀತಿ ಇರುತ್ತದೆ. ವ್ಯತ್ಯಾಸ ಇದ್ದರೆ ದಿನಾಂಕ ಗೊತ್ತು ಮಾಡುವ ಮುಂಚೆಯೇ ಲೈಸೆನ್ಸ್ ಕೊಡುವ ಬೋರ್ಡಿಗೆ ಮೇಲ್ ಹಾಕಿ ಸರಿಪಡಿಸಿಕೊಳ್ಳಿ. ಓದುವಾಗ ಯಾವುದಾದರೂ ಪ್ರಶ್ನೆಯಲ್ಲಿ ಸಿಕ್ಕಿಹಾಕಿಕೊಂಡರೆ ಕೆಳಗೆ ಬರೆಯಿರಿ, ಒಟ್ಟಿಗೆ ಬಿಡಿಸೋಣ.