ಕ್ಯಾನ್ಸರ್ ಇರುವವರಿಗೆ ಖಿನ್ನತೆ, ಆತಂಕ ಇದೆಯಾ ಅಂತ ಆಸ್ಪತ್ರೆಯಲ್ಲಿ ಹೇಗೆ ಪತ್ತೆ ಮಾಡುತ್ತಾರೆ?

ಸುಸ್ತು, ನಿದ್ದೆ ಬಾರದಿರುವುದು, ಊಟ ಸೇರದಿರುವುದು ಖಿನ್ನತೆಯಿಂದಲೂ ಬರುತ್ತವೆ, ಕೀಮೋದಿಂದಲೂ ಬರುತ್ತವೆ. ಹಾಗಾಗಿ ಸುಮ್ನೆ ನೋಡಿ ಹೇಳುವುದು ಕಷ್ಟ. 1983ರಲ್ಲಿ ಬಂದ ಹ್ಯಾಡ್ಸ್ ಎಂಬ 14 ಪ್ರಶ್ನೆಗಳ ಪಟ್ಟಿ ಇಂಥ ದೈಹಿಕ ಲಕ್ಷಣಗಳನ್ನು ಬೇಕೆಂದೇ ಬಿಟ್ಟು, ಮನಸ್ಸಿನ ಬಗ್ಗೆ ಕೇಳುತ್ತದೆ. ಇನ್ನೂ ಸುಲಭದ್ದು ಡಿಸ್ಟ್ರೆಸ್ ಥರ್ಮಾಮೀಟರ್: ಕಳೆದ ವಾರದ ಸಂಕಟಕ್ಕೆ ರೋಗಿಯೇ 0ಯಿಂದ 10ರೊಳಗೆ ಅಂಕ ಕೊಡಬೇಕು. 4 ಅಥವಾ ಜಾಸ್ತಿ ಬಂದರೆ ವಿವರವಾಗಿ ವಿಚಾರಿಸುತ್ತಾರೆ. ಅಂಕ ಜಾಸ್ತಿ ಬಂದ ಮಾತ್ರಕ್ಕೆ ಖಿನ್ನತೆ ಎಂದಲ್ಲ. ಅದನ್ನು ಮನೋವೈದ್ಯರು ಮಾತಾಡಿಸಿಯೇ ತೀರ್ಮಾನಿಸಬೇಕು.

ಒಮ್ಮೆ ಕೇಳಿ ಬಿಡುವುದು ಸಾಲದು. ಚಿಕಿತ್ಸೆ ಮುಗಿದಾಗ, ರೋಗ ಮರುಕಳಿಸಿದಾಗ ಮತ್ತೆ ಕೇಳಬೇಕು. ಮನೆಯವರ ಮುಂದೆ ಎಷ್ಟೋ ಜನ "ನಾನು ಚೆನ್ನಾಗಿದ್ದೀನಿ" ಅಂದುಬಿಡುತ್ತಾರೆ, ಅಲ್ವಾ? ಒಬ್ಬರೇ ಇರುವಾಗ ಕೇಳುವುದು ಒಳ್ಳೆಯದು. ಆಸ್ಪತ್ರೆಯಲ್ಲಿ ಯಾರೂ ಕೇಳದಿದ್ದರೆ ನೀವೇ ವೈದ್ಯರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು.