ಗರಿಗೆ ಮೊದಲು ಕಾಲು ನೋಡಿ

ಕೊಂಬೆಗಳ ಮೇಲೆ ಕುಳಿತ ಐದು ಚುಕ್ಕೆ ಮುನಿಯಾ ಹಕ್ಕಿಗಳನ್ನು ಕಲಾವಿದರೊಬ್ಬರು ಬಿಡಿಸಿದ ಚಿತ್ರವನ್ನು ಹಂಚಿಕೊಂಡು, ಅದನ್ನು ಫೋನಿನಲ್ಲಿ ಹಿಗ್ಗಿಸಿ ಎದೆಯ ಒಂದೊಂದು ಗರಿಯನ್ನೂ ನಕಲು ಮಾಡುತ್ತ ಕಲಿಯುವುದಾಗಿ ಬರೆದಿದ್ದೀರಿ. ದಯವಿಟ್ಟು ಅಲ್ಲಿಂದ ಆರಂಭಿಸಬೇಡಿ. ಇಂತಹುದೇ ಚಿತ್ರವೊಂದಕ್ಕೆ ಮರುಳಾಗಿ ಮೂರು ಸೊನ್ನೆಯ (000) ತೀರ ಸಣ್ಣ ಕುಂಚದಲ್ಲಿ ಎರಡು ತಿಂಗಳು ಗರಿ ತೀಡಿದವನು ನಾನು. ಮುಗಿಸಿ ದೂರ ನಿಂತು ನೋಡಿದಾಗ ಗರಿಗಳೆಲ್ಲ ಇದ್ದವು, ಆದರೆ ಒಂದು ಹಕ್ಕಿಯೂ ಕೊಂಬೆಯ ಮೇಲೆ ಕುಳಿತಿರಲಿಲ್ಲ. ಎಲ್ಲವೂ ಕತ್ತರಿಸಿ ಅಂಟಿಸಿದಂತಿದ್ದವು.

ತಪ್ಪು ಇದ್ದದ್ದು ಕಾಲುಗಳಲ್ಲಿ. ಮೂರು ಬೆರಳು ಮುಂದೆ, ಒಂದು ಹಿಂದೆ ಎಂಬುದನ್ನು ನಾನು ಸರಿಯಾಗಿಯೇ ಬರೆದಿದ್ದೆ. ಆದರೆ ಹಿಂದಕ್ಕೆ ಮಡಚಿದಂತೆ ಕಾಣುವ ಕೀಲನ್ನು ಮೊಣಕಾಲೆಂದು ಭಾವಿಸಿ, ಕಾಲು ಹೊಟ್ಟೆಯ ತೀರ ಹಿಂಬದಿಯಿಂದ ಹೊರಡುವಂತೆ ಮಾಡಿದ್ದೆ. ಆ ಕೀಲು ಹಿಮ್ಮಡಿಯ ಗಂಟು. ಮೊಣಕಾಲು ಗರಿಗಳೊಳಗೆ ಅಡಗಿರುತ್ತದೆ. ಅಂದಿನಿಂದ ಯಾವ ಹಕ್ಕಿಚಿತ್ರವನ್ನು ನೋಡುವಾಗಲೂ ಅದರ ಮುದ್ರಿತ ಪ್ರತಿಯ ಮೇಲೆ ಟ್ರೇಸಿಂಗ್ ಕಾಗದವಿಟ್ಟು, ಕೊಂಬೆಯ ಓರೆ, ಬೆರಳುಗಳ ಹಿಡಿತ ಮತ್ತು ಹಿಮ್ಮಡಿಯ ಗಂಟು ಇಷ್ಟನ್ನೇ ಗುರುತಿಸಿ, ಮೈಯ ಭಾರದ ನಡುವಿನಿಂದ ತೂಗುಗುಂಡಿನಂತೆ ಒಂದು ನೇರ ಗೆರೆಯನ್ನು ಇಳಿಸುತ್ತೇನೆ. ಹಾಯಾಗಿ ಕುಳಿತ ಹಕ್ಕಿಯಲ್ಲಿ ಆ ಗೆರೆ ಬೆರಳುಗಳ ಬಳಿಯೇ ಬೀಳುತ್ತದೆ. ನೀವು ಹಾಕಿದ ಚಿತ್ರದ ಐದೂ ಹಕ್ಕಿಗಳಿಗೆ ಹೀಗೆ ಮಾಡಿದರೆ, ಕಲಾವಿದರು ಪ್ರತಿಯೊಂದರ ಭಾರವನ್ನೂ ಎಷ್ಟು ಯೋಚಿಸಿ ಇರಿಸಿದ್ದಾರೆಂಬುದು ತಿಳಿಯುತ್ತದೆ. ಆದರೆ ಇದನ್ನೇ ನಿಯಮವಾಗಿಸಿಕೊಳ್ಳಬೇಡಿ: ತಲೆಕೆಳಗಾಗಿ ನೇತಾಡುವ ಅಥವಾ ಹಾರಲು ಮುಂದಕ್ಕೆ ಬಾಗಿದ ಹಕ್ಕಿಗೆ ಅದು ಹೊಂದುವುದಿಲ್ಲ.

ಇನ್ನು ಎದೆಯ ಚುಕ್ಕೆಗಳು. ಮೈ ತಿರುಗುವ ಅಂಚಿನ ಕಡೆಗೆ ಅವು ಕಿರಿದಾಗುತ್ತ, ನೆರಳಿನಲ್ಲಿ ಮಸುಕಾಗುತ್ತ ಹೋಗುವುದನ್ನು ಗಮನಿಸಿ. ನಾನು ಎಲ್ಲ ಕಡೆಯೂ ಒಂದೇ ಅಳತೆಯಲ್ಲಿ ಬರೆದು ದುಂಡು ಎದೆಯನ್ನು ಚಪ್ಪಟೆ ಮಾಡಿದ್ದೆ. ಹಿಗ್ಗಿಸಿ ನೋಡುವವರಿಗೆ ಇದು ಎಂದಿಗೂ ಕಾಣಿಸುವುದಿಲ್ಲ. ಚಿತ್ರವನ್ನು ದೂರವಿರಿಸಿ ಕಣ್ಣನ್ನು ಅರೆ ಮುಚ್ಚಿ ನೋಡಬೇಕು.

ಮೂರು ಸೊನ್ನೆಯ ಕುಂಚವನ್ನಂತೂ ಕೊಳ್ಳಲೇಬೇಡಿ, ಗೆರೆ ಮುಗಿಯುವ ಮೊದಲೇ ಅದರ ಬಣ್ಣ ಒಣಗುತ್ತದೆ. ನನ್ನ ಮಟ್ಟಿಗೆ ವಿನ್ಸರ್ ಅಂಡ್ ನ್ಯೂಟನ್ ಕಂಪನಿಯ, ಪ್ರಾಣಿಯ ಕೂದಲಿನ ಸೀರೀಸ್ 7 ಕುಂಚಗಳಲ್ಲಿ 2ನೇ ಸಂಖ್ಯೆಯದು ಸಾಕಾಗಿದೆ: ಬಣ್ಣ ಹಿಡಿಯುತ್ತದೆ, ಮೊನೆಯೂ ನಿಲ್ಲುತ್ತದೆ. ಅಗ್ಗದ ನೈಲಾನ್ ಕುಂಚಗಳ ತುದಿ ಬೇಗ ಕೊಕ್ಕೆಯಂತೆ ಬಾಗುತ್ತದೆ. ಕಾಗದ ಹಾಟ್ ಪ್ರೆಸ್, ಅಂದರೆ ನುಣುಪು ಮೈಯದು, ಆಗಿರಲಿ, ಒರಟು ಕಾಗದದ ಮೇಲೆ ಸಣ್ಣ ಗರಿಯ ಅಂಚು ಒಡೆಯುತ್ತದೆ. ಕಣ್ಣಿನ ಬಿಳಿ ಹೊಳಪನ್ನು ಕೊನೆಯಲ್ಲಿಡಿ. ಇಡುವ ಮೊದಲು ಕೊಂಬೆಯ ಯಾವ ಬದಿಗೆ ಬೆಳಕು ಬಿದ್ದಿದೆಯೆಂದು ಇನ್ನೊಮ್ಮೆ ನೋಡಿಕೊಳ್ಳಿ.